‘ಪ್ರತಿರೋಧ’ವೆಂಬ ಪದ

ಸಾಲಿಗ್ರಾಮದಲ್ಲಿ ಕೊನೆಯ ವರ್ಷಗಳನ್ನು ಕಳೆದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡಿಗರಿಗಿತ್ತರು. ವಿಜ್ಞಾನವನ್ನು ಕನ್ನಡದಲ್ಲಿ ತಿಳಿಯಹೇಳಬೇಕೆಂಬ ಆ ಆದರ್ಶದ ಒರೆಗಲ್ಲಿಗೆ ಇಂದಿನ ಆರೋಗ್ಯ ಬರಹಗಳ ಒಂದು ಪದವನ್ನು ತಿಕ್ಕಿ ನೋಡುತ್ತೇವೆ: ‘ಇನ್ಸುಲಿನ್ ಪ್ರತಿರೋಧ’.

ಪ್ರತಿರೋಧವೆಂದೊಡನೆ ಹಟದ ಅರ್ಥ ಹೊಳೆಯುತ್ತದೆ. ವಸ್ತುಸ್ಥಿತಿ ಬೇರೆ. ಸ್ನಾಯು, ಯಕೃತ್ತುಗಳ ಜೀವಕೋಶಗಳು ಇನ್ಸುಲಿನ್ನಿನ ಕರೆಗೆ ಓಗೊಡುವುದು ಕಡಮೆಯಾಗುತ್ತದೆ. ಮೇದೋಜೀರಕ ಗ್ರಂಥಿಯು ಹೆಚ್ಚು ಸ್ರವಿಸಿ ಆ ಕೊರತೆಯನ್ನು ಮುಚ್ಚುತ್ತದೆ. ಆದುದರಿಂದ ವರ್ಷಗಟ್ಟಲೆ ರಕ್ತದ ಸಕ್ಕರೆ ಸರಿಯಾಗಿಯೇ ಕಾಣಬಹುದು. ಕತ್ತು ಕಪ್ಪಾಗಿ ಹೊಟ್ಟೆ ಬೆಳೆದವನ ಬರಿಹೊಟ್ಟೆಯ ಸಕ್ಕರೆಯೊಂದನ್ನೇ ಅಳೆದು ‘ನಿಮಗೇನೂ ಇಲ್ಲ’ವೆಂದು ಕಳುಹಿಸುವ ವೈದ್ಯರಿದ್ದಾರೆ. ಮುಂದೆ ಸಕ್ಕರೆ ಏರಿದಾಗ ಅವನ ಬಾಯಿಚಪಲವನ್ನು ಹಳಿಯುವವರೂ ಅವರೇ.

ಈ ರೋಗವೆಂದರೆ ಇನ್ಸುಲಿನ್ನಿನ ಅಭಾವವೆಂಬ ಒಂದೇ ಸೂತ್ರವನ್ನು ಹಿಡಿದವರಿಗೆ ಹೀಗಾಗುವುದು ಸಹಜ. ಆದರೆ ಹಿಮ್ಸ್‌ವರ್ತ್ 1936ರಲ್ಲಿಯೇ ಇನ್ಸುಲಿನ್ನಿಗೆ ಸ್ಪಂದಿಸುವ ರೋಗಿಗಳನ್ನೂ ಸ್ಪಂದಿಸದವರನ್ನೂ ಬೇರ್ಪಡಿಸಿದ್ದರು. 1960ರಲ್ಲಿ ಯಾಲೋ ಮತ್ತು ಬರ್ಸನ್ ರಕ್ತದ ಇನ್ಸುಲಿನ್ನನ್ನೇ ಅಳೆದು, ಹಲವು ವಯಸ್ಕ ರೋಗಿಗಳಲ್ಲಿ ಅದಕ್ಕೆ ಅಭಾವವಿಲ್ಲವೆಂದು ತೋರಿಸಿದರು.

‘ಸಕ್ಕರೆ ಕಾಯಿಲೆ’ಯೆಂಬ ಹೆಸರೂ ನಿರ್ದೋಷಿಯಲ್ಲ, ಚಹಾದ ಸಕ್ಕರೆಯನ್ನು ಬಿಟ್ಟು ಗಂಜಿಯನ್ನು ಹೊಟ್ಟೆತುಂಬ ಉಣ್ಣುವವನು ತಾನು ಪಥ್ಯದಲ್ಲಿದ್ದೇನೆಂದೇ ನಂಬುತ್ತಾನೆ. ಅಗ್ನಿಮಾಂದ್ಯವನ್ನು ಬಲ್ಲ ನಮ್ಮ ಜನಕ್ಕೆ ‘ಇನ್ಸುಲಿನ್ನಿಗೆ ಮೈ ಮಂದವಾಗಿದೆ’ ಎಂದರೆ ಅರ್ಥವಾದೀತು. ಅದನ್ನು ಹೇಳಬೇಕಾದ ವೈದ್ಯರಿಗೆ ಮೊದಲು ಅರ್ಥವಾಗಬೇಕಷ್ಟೆ!