ತುಂಬಿದ ಗಾಡಿಯ ನಡಿಗೆ

ಹಳೆಯ ಟೊಯೊಟಾ ಹುಡುಕುವವರು ರಾಯಚೂರಿನಲ್ಲಿ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಕ್ವಾಲಿಸೋ, ಮೊದಲ ತಲೆಮಾರಿನ ಇನ್ನೋವಾನೋ? ಎರಡೂ ನಮ್ಮ ಬಿಡದಿಯಲ್ಲೇ ತಯಾರಾದವು. 2000ದ ಜನವರಿಯಲ್ಲಿ ಬಂದ ಕ್ವಾಲಿಸ್ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಮೊದಲ ಗಾಡಿ. ಬೇಡಿಕೆ ಇನ್ನೂ ಜೋರಾಗಿದ್ದಾಗಲೇ ಅದನ್ನು ನಿಲ್ಲಿಸಿ, 2005ರಲ್ಲಿ ಇನ್ನೋವಾ ಇಳಿಸಿದರು.

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಗೆ ದಿನವೂ ಓಡಾಡುವವರು ಕ್ವಾಲಿಸ್ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ಗುಟ್ಟು ಹಿಂದಿನ ಆಕ್ಸಲ್‌ನಲ್ಲಿದೆ. ಕ್ವಾಲಿಸ್‌ಗೆ ಇರುವುದು ಪಟ್ಟಿ ಸ್ಪ್ರಿಂಗ್. ಒಬ್ಬರೇ ಕೂತು ಓಡಿಸಿದರೆ ಹಿಂಭಾಗ ಕುಣಿಯುತ್ತದೆ, ಸಣ್ಣ ಗುಂಡಿಯೂ ಸೊಂಟಕ್ಕೆ ತಾಗುತ್ತದೆ. ಟ್ರಯಲ್ ನೋಡಲು ಬಂದವರು ಅಲ್ಲೇ ಬೇಡವೆಂದು ಹೊರಟುಬಿಡುತ್ತಾರೆ. ಅದೇ ಗಾಡಿಗೆ ಎಂಟು ಜನರನ್ನು ಹತ್ತಿಸಿ, ಹಿಂದೆ ಎರಡು ಚೀಲ ಮಾನ್ವಿಯ ಅಕ್ಕಿ ಹಾಕಿ ನೋಡಿ! ಪಟ್ಟಿಗಳು ಬಾಗಿ, ಒಂದರ ಮೇಲೊಂದು ಕೂತು, ನಡಿಗೆಯೇ ಬದಲಾಗುತ್ತದೆ. ನಮ್ಮ ಕಡೆ ಗಾಡಿ ಖಾಲಿ ಹೋಗುವುದಾದರೂ ಯಾವಾಗ? ಮದುವೆಯಿರಲಿ, ಮಂತ್ರಾಲಯವಿರಲಿ, ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ. ಆದ್ದರಿಂದ ಕ್ವಾಲಿಸ್ಸನ್ನು ತುಂಬಿಸಿಯೇ ಪರೀಕ್ಷಿಸಬೇಕು.

ಎಂಜಿನ್ನೂ ಅದೇ ಸ್ವಭಾವದ್ದು. 2446 ಸಿಸಿ ಡೀಸೆಲ್, ಟರ್ಬೊ ಇಲ್ಲ, 75 ಅಶ್ವಶಕ್ತಿ. ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ಹೀಗಾಗಿ ಕಂಪ್ಯೂಟರ್ ಹಚ್ಚಿ ನೋಡುವ ಗೋಜಿಲ್ಲದೆ, ಪಾನಾ ಹಿಡಿದು ಪಳಗಿದ ಮೇಸ್ತ್ರಿಯೇ ಸರಿಮಾಡಬಲ್ಲ. ಇನ್ನೋವಾದ 2494 ಸಿಸಿ ಎಂಜಿನ್‌ನಲ್ಲಿ ಕಾಮನ್ ರೈಲ್, ಟರ್ಬೊ ಎರಡೂ ಇವೆ. ಡೀಸೆಲ್‌ನಲ್ಲಿ ಕಸವೋ ನೀರೋ ಬೆರೆತರೆ ಅದರ ಇಂಜೆಕ್ಟರ್‌ಗಳು ತಡೆಯುವುದಿಲ್ಲ, ಆ ರಿಪೇರಿ ದುಬಾರಿ.

ಹಾಗೆಂದು ಇನ್ನೋವಾವನ್ನು ಕಡಿಮೆ ಅಂದಾಜು ಮಾಡುವಂತಿಲ್ಲ. 102 ಅಶ್ವಶಕ್ತಿಯ ಬಲ, ಹಿಂದೆ ಕಾಯಿಲ್ ಸ್ಪ್ರಿಂಗ್. ಮೇ ತಿಂಗಳ ರಣಬಿಸಿಲಲ್ಲಿ, ಎಸಿ ಹಾಕಿಕೊಂಡು ಹೈದರಾಬಾದ್ ದಾರಿಯಲ್ಲಿ ಹತ್ತಿ ಹೇರಿದ ಲಾರಿಯನ್ನು ದಾಟುವಾಗ ಕ್ವಾಲಿಸ್ ಏದುಸಿರು ಬಿಡುತ್ತದೆ, ಇನ್ನೋವಾ ಸಲೀಸಾಗಿ ಮುಂದೆ ಹೋಗುತ್ತದೆ. ತಿಂಗಳಿಗೆ ನಾಲ್ಕು ಸಲ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವವರು, ಮನೆಯಲ್ಲಿ ವಯಸ್ಸಾದವರಿರುವವರು ಅದನ್ನೇ ಕೊಳ್ಳುವುದು ಸರಿ.

ಕೆಎ-36 ನಂಬರಿನ ಹಳೆಯ ಗಾಡಿ ನೋಡಲು ಹೋದಾಗ ಬಣ್ಣಕ್ಕೆ ಮರುಳಾಗಬೇಡಿ. ಕೆಳಗೆ ಬಗ್ಗಿ ಚಾಸಿ ನೋಡಿ; ಗದ್ದೆ ಸೀಮೆಯಲ್ಲಿ ಓಡಿದ ಗಾಡಿಗೆ ಎರಿಮಣ್ಣಿನ ಕೆಸರು ಮೆತ್ತಿಕೊಂಡು, ಒಳಗೊಳಗೇ ತುಕ್ಕು ಹಿಡಿದಿರುತ್ತದೆ. ಕ್ವಾಲಿಸ್ ಆದರೆ ಪಟ್ಟಿಗಳ ಬುಷ್ ಅಲ್ಲಾಡಿಸಿ ನೋಡಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣ ಆಗಿದೆಯೋ ಇಲ್ಲವೋ ಎಂಬುದನ್ನು ಹಣ ಕೊಡುವ ಮೊದಲೇ ಖಾತ್ರಿ ಮಾಡಿಕೊಳ್ಳಿ. ಎರಡೂ ಡೀಸೆಲ್ ಎಂಜಿನ್‌ಗಳಲ್ಲಿ ಟೈಮಿಂಗ್‌ಗೆ ಇರುವುದು ಬೆಲ್ಟ್. ಅದು ಹರಿದರೆ ಎಂಜಿನ್ನನ್ನೇ ಬಿಚ್ಚಬೇಕಾದೀತು. ಮಾರುವವರು ಏನೇ ಹೇಳಲಿ, ಗಾಡಿ ಮನೆಗೆ ಬಂದ ವಾರದಲ್ಲೇ ಹೊಸ ಬೆಲ್ಟ್ ಹಾಕಿಸಿ.