ಬೆನ್ನಿಗೆ ಮಣ್ಣು ಹತ್ತಿದ ಹುಡುಗ

ನವಲಗುಂದ, ಅಣ್ಣಿಗೇರಿ ಕಡೆಯ ಎರೆನೆಲ ಮಳೆಗೆ ಕಾಲಿಗೆ ಮೆತ್ತುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಹಾಗಾಗಿ ಗರಡಿಮನೆಯ ಅಖಾಡಕ್ಕೆ ಕೆಂಪು ಮಣ್ಣನ್ನು ಹೊರಗಿನಿಂದಲೇ ಹೇರಿ ತರಬೇಕು. ಜರಡಿ ಹಿಡಿದು, ಅರಿಸಿನ, ಲಿಂಬೆರಸ, ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಬೇಕು. ಹೊಸ ಹುಡುಗನ ಕೈಗೆ ಗರಡಿಯ ಗುರುಗಳಾದ ವಸ್ತಾದರು ಮೊದಲು ಕೊಡುವುದು ಗುದ್ದಲಿ. ಮಣ್ಣು ಅಗೆದು, ಹೆಂಟೆ ಒಡೆದು, ಹನುಮಪ್ಪನಿಗೆ ಕೈಮುಗಿದ ಮೇಲೆ ದಂಡ, ಬಸ್ಕಿ. ಪಟ್ಟು ಕಲಿಸುವುದು ಆಮೇಲೆ.

ವಸ್ತಾದರ ಕಸುಬು ಎಂಥದ್ದೆಂದು ತಿಳಿಯಬೇಕಾದರೆ ಅವರು ಜೋಡಿ ಹಚ್ಚುವುದನ್ನು ನೋಡಬೇಕು. ತೀರಾ ಬಲವಂತನ ಎದುರು ನಿಲ್ಲಿಸಿದರೆ ಹುಡುಗನ ಎದೆ ಒಡೆಯುತ್ತದೆ. ದಿನವೂ ಬಡವಾದವನನ್ನೇ ಕೊಟ್ಟರೆ ತಲೆ ತಿರುಗುತ್ತದೆ. ತನಗಿಂತ ಒಂದು ತೂಕ ಹೆಚ್ಚಿನವನೊಂದಿಗೆ ಸೆಣಸುತ್ತಾ, ಬೀಳುತ್ತಾ, ಏಳುತ್ತಾ ಹುಡುಗ ಬೆಳೆಯುತ್ತಾನೆ. ಜಾತ್ರೆಯ ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿ ತಲೆ ತಗ್ಗಿಸಿ ಬಂದವನ ಬೆನ್ನನ್ನು ತಮ್ಮ ಟವೆಲ್ಲಿನಿಂದಲೇ ಒರೆಸಿ, ಎಡಗಾಲು ಎಲ್ಲಿ ತಪ್ಪಿತೆಂದು ಮೆಲ್ಲಗೆ ಹೇಳುವವರೇ ನಿಜವಾದ ವಸ್ತಾದರು.

ಗುರುವಿನ ಹೊಣೆ ಅಖಾಡದಲ್ಲಿಯೇ ಮುಗಿಯುವುದಿಲ್ಲ. ಈ ಸೀಮೆಯ ಪೈಲ್ವಾನರು ಕುಸ್ತಿ ಕಲಿಯಲು ಹೋಗುವ ಕೊಲ್ಹಾಪುರದಲ್ಲಿ ಪೈಲ್ವಾನ ಖಾಶಾಬಾ ಜಾಧವರಿಗೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ದುಡ್ಡಿರಲಿಲ್ಲ. ಅವರು ಓದಿದ ರಾಜಾರಾಂ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ಸ್ವಂತ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವರು ತಂದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ.

ಕೈ ಹಿಡಿದವರು ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ದೂರವಿಲ್ಲ.

ಕಲಘಟಗಿಯಾಚೆಯ ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಸಮುದಾಯದ ಮಕ್ಕಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ಅಥ್ಲೆಟಿಕ್ಸ್‌ಗೆ ಆರಿಸಿತು. ಹಾಸ್ಟೆಲ್, ಊಟ, ತರಬೇತಿ ಎಲ್ಲ ಸಿಕ್ಕವು, ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಓಟ ಕಲಿತಿದ್ದ ಎಷ್ಟೋ ಮಕ್ಕಳು ಊರಿಗೆ ಮರಳಿ ಕೂಲಿಗೆ ಇಳಿದರು. ಅವರ ಕಾಲಿನ ಕಸುವು ಕಡಿಮೆಯಾಗಿರಲಿಲ್ಲ. ಬೆನ್ನ ಹಿಂದೆ ನಿಲ್ಲುವವರು ಇಲ್ಲವಾಗಿದ್ದರು.

ಹೀಗೆ ಬೆನ್ನ ಹಿಂದೆ ನಿಲ್ಲುವವರು ಹೆಣ್ಣುಮಕ್ಕಳಿಗೂ ಬೇಕು, ಗರಡಿಯ ಬಾಗಿಲು ಅವರಿಗೂ ತೆರೆಯಬೇಕು. ಹರಿಯಾಣದ ರೋಹಟಕ್‌ನಲ್ಲಿ ಈಶ್ವರ ದಹಿಯಾ ಊರವರ ವಿರೋಧ ಕಟ್ಟಿಕೊಂಡು ಹುಡುಗಿಯರಿಗೆ ಕುಸ್ತಿ ಕಲಿಸಿದರು. ಅವರ ಶಿಷ್ಯೆ ಸಾಕ್ಷಿ ಮಲಿಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು.

ಮುಂದಿನ ಜಾತ್ರೆಯಲ್ಲಿ ಕುಸ್ತಿ ನೋಡಲು ಹೋದವರು ಬೆಳ್ಳಿ ಕಡಗ ತೊಟ್ಟು ಮೆರೆಯುವವನನ್ನು ನೋಡಿ ಚಪ್ಪಾಳೆ ತಟ್ಟಿ. ಹಾಗೆಯೇ ಸೋತ ಹುಡುಗನ ಬಳಿಗೆ ಯಾರು ನಡೆದು ಹೋಗುತ್ತಾರೆ ಎಂದೂ ಗಮನಿಸಿ. ಅಂಥವರು ನಿಮ್ಮೂರಿನಲ್ಲಿದ್ದರೆ ಮಗನ ಜೊತೆ ಮಗಳನ್ನೂ ಅವರ ಗರಡಿಗೆ ಕಳಿಸಿ. ಗರಡಿಯ ಹೆಂಚು ಒಡೆದಿದ್ದರೆ ಮಳೆಗಾಲಕ್ಕೆ ಮೊದಲೇ ಹೊದಿಸಿಕೊಡಿ.