ಈರಮ್ಮಜ್ಜಿಯ ಕಂಠದಲ್ಲಿದ್ದ ಹನ್ನೆರಡು ಕಾವ್ಯ

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೀಮೆಯೂ ಸೇರಿದ್ದ ಹಳೆಯ ಬಳ್ಳಾರಿ ಜಿಲ್ಲೆಗೆ ದೊಡ್ಡ ಗ್ರಂಥಭಂಡಾರವೊಂದಿತ್ತು. ಅದರ ಹೆಸರು ದರೋಜಿ ಈರಮ್ಮ.

1930ರಲ್ಲಿ ಅಲೆಮಾರಿ ಬುಡ್ಗಜಂಗಮ ಮನೆತನದಲ್ಲಿ ಹುಟ್ಟಿದ ಈರಮ್ಮ ಅಕ್ಷರ ಕಲಿಯಲಿಲ್ಲ. ಹಾಡು, ಮಾತು ಬೆರೆಸಿ ಕಥೆ ಹೇಳುವ ಬುರ್ರಕಥೆಯನ್ನು ಅಪ್ಪ ಲಾಲಪ್ಪನಿಂದ ಕಲಿತರು. ಹನ್ನೆರಡು ಕಾವ್ಯಗಳು ಬಾಯಿಪಾಠ! ಬರೆದಿಟ್ಟರೆ ಸುಮಾರು 7,000 ಪುಟ. ಆ ಕಾವ್ಯಗಳ ಕುಮಾರರಾಮ, ಬಾಲನಾಗಮ್ಮ, ಕೃಷ್ಣಗೊಲ್ಲರು ಎಲ್ಲರೂ ಆ ಒಂದೇ ಕಂಠದಲ್ಲಿದ್ದರು.

ಕಥೆ ನಡೆಯುವ ಬಗೆಯೇ ಚೆಂದ. ಮುಖ್ಯ ಗಾಯಕಿ ಬೆರಳಿನ ಗಗ್ಗರ ಕುಣಿಸುತ್ತ ಒಂದು ಸಾಲು ಎತ್ತಿಕೊಳ್ಳುತ್ತಾಳೆ. ಪಕ್ಕದವರು ಚರ್ಮವಾದ್ಯ ಬಡಿಯುತ್ತ ಸಾಲಿನ ಕೊನೆಯನ್ನು ಹಿಡಿದು ಸೊಲ್ಲು ಸೇರಿಸುತ್ತಾರೆ. ಆ ಸೊಲ್ಲು ಮುಗಿಯುವಷ್ಟರಲ್ಲಿ ಮುಂದಿನ ಸಾಲು ಸಿದ್ಧವಾಗಿರಬೇಕು. ನಡುವೆ ಹಾಡು ನಿಂತು ಮಾತು ಬರುತ್ತದೆ, ಮಾತು ಮತ್ತೆ ಹಾಡಿಗೆ ಹೊರಳುತ್ತದೆ. ಈರಮ್ಮನವರ ಜೊತೆಗೆ ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಇರುತ್ತಿದ್ದರು. ಹೀಗೆ ಮೂವರು ಹೆಂಗಸರು ಸೇರಿ ಇಡೀ ರಾತ್ರಿಯ ಕಥೆ ಹೊರುತ್ತಿದ್ದರು.

1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅವರು ಹಾಡಿದ ಕಾವ್ಯಗಳು ಅಚ್ಚಿಗೂ ಬಂದವು. 2014ರ ಆಗಸ್ಟ್ 12ರಂದು ಅಜ್ಜಿ ತೀರಿಕೊಂಡರು.

ಪುಸ್ತಕದಲ್ಲಿ ಪದಗಳು ಉಳಿದಿವೆ. ಉಸಿರು ಎಲ್ಲಿ ಎಳೆಯಬೇಕು, ಗಗ್ಗರ ಎಲ್ಲಿ ನಿಲ್ಲಬೇಕು ಎಂಬುದು ಹಾಡುವವರಿಂದಲೇ ತಿಳಿಯಬೇಕು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೀಮೆಯ ಊರುಗಳಲ್ಲಿ ಇಂದಿಗೂ ಸೋಬಾನೆ, ತತ್ವಪದ, ಬೀಸುವ ಪದ ಬಲ್ಲ ಹಿರಿಯರಿದ್ದಾರೆ. ಮನೆಯ ಹುಡುಗರು ಸಂಜೆ ಹೊತ್ತು ಅವರ ಪಕ್ಕ ಕೂತು, ಕೈಲಿರುವ ಮೊಬೈಲಿನಲ್ಲೇ ಹಾಡು, ಹೆಸರು, ಊರು, ಕಲಿಸಿದವರು ಯಾರೆಂಬುದನ್ನು ದಾಖಲಿಸಿಕೊಳ್ಳಲಿ.